ಹಲ್ಲಿನ ತಂತಿ, ಎಲುಬಿನ ಉಂಗುರ, ಬೋರಿನ ನೀರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ತಾಲ್ಲೂಕುಗಳು ಈ ನಾಡಿನಲ್ಲಿವೆ. ಸೊಟ್ಟಗಾದ ಹಲ್ಲನ್ನು ಸಾಲಿಗೆ ತರುವ ತಂತಿಯಿಂದ ಹಿಡಿದು ಮುರಿದ ಕಾಲನ್ನು ನೆಟ್ಟಗೆ ಹಿಡಿದಿಡುವ ಉಕ್ಕಿನ ಉಂಗುರದವರೆಗೆ, ಆಧುನಿಕ ವೈದ್ಯಕೀಯವು ಬಳಸುವ ಸಾಧನಗಳು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವಾಗಿದ್ದರೂ, ಅವು ಕೆಲಸ ಮಾಡಬೇಕಾದ ಹಲ್ಲು ಮತ್ತು ಎಲುಬುಗಳು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳನ್ನುಳ್ಳ ಈ ಮೂರು ತಾಲ್ಲೂಕುಗಳಲ್ಲಿ ಆ ವ್ಯತ್ಯಾಸವು ದಂತವೈದ್ಯರ ಕುರ್ಚಿಯಲ್ಲಿಯೂ ಎಲುಬು ತಜ್ಞರ ಮೇಜಿನ ಮೇಲೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಈ ಸಾಧನಗಳ ವಿಚಾರವನ್ನು ನೀರಿನ ವಿಚಾರದಿಂದ ಬೇರ್ಪಡಿಸಿ ತಿಳಿಯಲಾಗದು.

ಎಲುಬು ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆ

ಎಲುಬೆಂದರೆ ಕಲ್ಲಿನಂತೆ ಒಮ್ಮೆ ರೂಪುಗೊಂಡು ಹಾಗೆಯೇ ಉಳಿಯುವ ವಸ್ತುವೆಂಬ ಭಾವನೆ ಸಾಮಾನ್ಯವಾಗಿದ್ದರೂ, ವಾಸ್ತವದಲ್ಲಿ ಅದು ಜೀವನದುದ್ದಕ್ಕೂ ಕರಗುತ್ತಲೂ ಕಟ್ಟಿಕೊಳ್ಳುತ್ತಲೂ ಇರುವ ಅಂಗಾಂಶವಾಗಿದೆ. ಹಳೆಯ ಎಲುಬನ್ನು ಕರಗಿಸುವ ಜೀವಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ, ಹೊಸ ಎಲುಬನ್ನು ಕಟ್ಟುವ ಜೀವಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಇವೆರಡರ ಕೆಲಸವು ಎಲುಬಿನ ಮೇಲೆ ಬೀಳುವ ಭಾರ ಮತ್ತು ಒತ್ತಡವನ್ನು ಅನುಸರಿಸಿ ನಡೆಯುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಯಮದ ರೂಪದಲ್ಲಿ ಮುಂದಿಟ್ಟರು.

ಹಲ್ಲಿನ ವಿಷಯದಲ್ಲಿ ಈ ನಿಯಮ ಸ್ಪಷ್ಟವಾಗಿ ಕಾಣುತ್ತದೆ. ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ನಾರಿನ ಪದರವೊಂದು ಇದ್ದು, ಹಲ್ಲು ಅದರಲ್ಲಿ ತೂಗಿಕೊಂಡಂತೆ ನಿಂತಿರುತ್ತದೆ. ಹಲ್ಲಿನ ಮೇಲೆ ಒಂದು ದಿಕ್ಕಿನಿಂದ ಮೃದುವಾದ ಒತ್ತಡವನ್ನು ಬಿಡದೆ ಕೊಟ್ಟಾಗ, ಪದರವು ಅದುಮಿಕೊಂಡ ಕಡೆಯಲ್ಲಿ ಎಲುಬು ಕರಗುತ್ತದೆ, ಪದರವು ಎಳೆದುಕೊಂಡ ಕಡೆಯಲ್ಲಿ ಹೊಸ ಎಲುಬು ತುಂಬುತ್ತದೆ, ಮತ್ತು ಈ ಎರಡು ಕ್ರಿಯೆಗಳು ಜೊತೆಯಾಗಿ ನಡೆದಾಗ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ಸರಿಯುತ್ತದೆ. ಅವಸರಪಟ್ಟು ಒತ್ತಡವನ್ನು ಹೆಚ್ಚಿಸಿದರೆ ಪದರದ ರಕ್ತಸಂಚಾರ ನಿಂತು ಆ ಭಾಗ ನಿರ್ಜೀವವಾಗುತ್ತದೆ, ಹಲ್ಲಿನ ಚಲನೆ ನಿಧಾನವಾಗುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚುತ್ತದೆ. ತಂತಿಯಾಗಲಿ ಉಂಗುರವಾಗಲಿ ಅಳತೆಮಾಡಿದ ಒತ್ತಡವನ್ನು ಮಾತ್ರ ಒದಗಿಸುತ್ತದೆ, ನೆಟ್ಟಗಾಗುವ ಕೆಲಸವನ್ನು ರೋಗಿಯ ದೇಹವೇ ಮಾಡಿಕೊಳ್ಳುತ್ತದೆ ಎಂಬುದು ಈ ಚಿಕಿತ್ಸೆಗಳೆಲ್ಲದರ ತಿರುಳಾಗಿದೆ.

ಹಲ್ಲಿಗೆ ಹಾಕುವ ಕ್ಲಿಪ್ಪಿನ ಹಿಂದಿರುವ ವಿದ್ಯೆ

ಜನರು ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’ ಎನ್ನುವ ಚಿಕಿತ್ಸೆಗೆ ದಂತವೈದ್ಯಕೀಯದಲ್ಲಿ ಆರ್ಥೊಡಾಂಟಿಕ್ಸ್ ಎಂಬ ಪ್ರತ್ಯೇಕ ವಿಭಾಗವಿದೆ. ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ, ಬಿಲ್ಲಿನಾಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆ ತರುವ ಕ್ರಮವನ್ನು ವಿವರಿಸಿದ್ದರು. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಕೂಡುವ ರೀತಿಯನ್ನು ಆಧರಿಸಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು, ಮತ್ತು ಆ ವಿಂಗಡಣೆಯನ್ನು ಇಂದಿಗೂ ಎಲ್ಲ ದಂತ ಕಾಲೇಜುಗಳಲ್ಲಿ ಕಲಿಸಲಾಗುತ್ತದೆ. ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ರೂಪಿಸಿದ ಆಯತಾಕಾರದ ಸೀಳುಳ್ಳ ಬ್ರ್ಯಾಕೆಟ್ ಇಂದಿನ ಕ್ಲಿಪ್ಪುಗಳ ಮೂಲರೂಪವಾಗಿದೆ.

ಬ್ರ್ಯಾಕೆಟ್ ಎಂದರೆ ಪ್ರತಿ ಹಲ್ಲಿನ ಮುಖಕ್ಕೆ ಅಂಟಿಸುವ ಚಿಕ್ಕ ಲೋಹದ ಅಥವಾ ಪಿಂಗಾಣಿಯ ತುಣುಕು. ಅದರ ನಡುವೆ ಕೊರೆದ ಸೀಳಿನಲ್ಲಿ ತಂತಿಯೊಂದು ಹಾಯ್ದು ಹೋಗುತ್ತದೆ. ಸೊಟ್ಟಗಿರುವ ಹಲ್ಲುಗಳ ಮೇಲೆ ಬಗ್ಗಿಸಿ ಕೂಡಿಸಿದ ತಂತಿಯು ತನ್ನ ಮೂಲ ಆಕಾರಕ್ಕೆ ಮರಳಲು ಯತ್ನಿಸುವಾಗ ಹಲ್ಲುಗಳನ್ನೂ ತನ್ನೊಡನೆ ಸಾಲಿಗೆ ಎಳೆದುಕೊಳ್ಳುತ್ತದೆ. ಉಕ್ಕಿನ ತಂತಿ ಬೇಗನೆ ಬಲ ಕಳೆದುಕೊಳ್ಳುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಬಿಗಿಯಬೇಕಾಗುತ್ತಿತ್ತು. 1970ರ ದಶಕದಲ್ಲಿ ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಲೋಹದ ತಂತಿಗಳು ಬಳಕೆಗೆ ಬಂದ ಮೇಲೆ ದೀರ್ಘಕಾಲ ಒಂದೇ ಸಮನಾದ ಮೃದು ಒತ್ತಡವನ್ನು ಕೊಡುವುದು ಸುಲಭವಾಯಿತು. ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ ಮತ್ತು ಆ ಅವಧಿಯಲ್ಲಿ ನಾಲ್ಕರಿಂದ ಆರು ವಾರಗಳಿಗೊಮ್ಮೆ ವೈದ್ಯರ ಬಳಿ ಹೋಗಬೇಕಾಗುತ್ತದೆ. ಕ್ಲಿಪ್ ತೆಗೆದ ಬಳಿಕ ಹೊಸ ಎಲುಬು ಗಟ್ಟಿಯಾಗುವ ಮುನ್ನ ಹಲ್ಲುಗಳು ಹಳೆಯ ಜಾಗಕ್ಕೆ ಜಾರುವ ಸಂಭವವಿರುವುದರಿಂದ, ಅವುಗಳನ್ನು ಹಿಡಿದಿಡಲು ರಿಟೇನರ್ ಎಂಬ ಇನ್ನೊಂದು ಸಾಧನವನ್ನು ದೀರ್ಘಕಾಲ ಧರಿಸಬೇಕು. ಅನೇಕರು ಇದನ್ನು ಮಧ್ಯದಲ್ಲಿಯೇ ಬಿಟ್ಟುಬಿಡುವುದರಿಂದ ಚಿಕಿತ್ಸೆಯ ಫಲ ಕೈತಪ್ಪುತ್ತದೆ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಅಲೈನರ್‌ಗಳು 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದವು. ಕಂಪ್ಯೂಟರಿನಲ್ಲಿ ಹಲ್ಲಿನ ಚಲನೆಯನ್ನು ಮೊದಲೇ ಯೋಜಿಸಿ, ಹಂತಹಂತವಾಗಿ ಬದಲಾಗುವ ಅಚ್ಚುಗಳ ಸರಣಿಯನ್ನು ತಯಾರಿಸಿ ಧರಿಸಲು ಕೊಡುವುದು ಇದರ ಕ್ರಮ. ದವಡೆಯ ಎಲುಬೇ ಹಿಂದೆ ಉಳಿದಿರುವ ಬೆಳೆಯುವ ಮಕ್ಕಳಲ್ಲಿ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್ ಎಂಬ ತೆಗೆದುಹಾಕಬಹುದಾದ ಸಾಧನವನ್ನು ಬಳಸಲಾಗುತ್ತದೆ. ಸೀಳುತುಟಿ ಮತ್ತು ಸೀಳಂಗುಳಿನೊಂದಿಗೆ ಹುಟ್ಟಿದ ಶಿಶುಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ, ಅಂಗುಳಿನ ಬೇರ್ಪಟ್ಟ ಭಾಗಗಳನ್ನು ಹತ್ತಿರ ತರಲು ಅಚ್ಚಿನ ತಟ್ಟೆಯೊಂದನ್ನು ಬಾಯಿಯಲ್ಲಿ ಕೂಡಿಸಿ ವಾರವಾರವೂ ಅದನ್ನು ಸ್ವಲ್ಪಸ್ವಲ್ಪವಾಗಿ ತಿದ್ದುವ ಪದ್ಧತಿಯೂ ಇದೆ. ಶಾಶ್ವತ ಹಲ್ಲುಗಳು ಮೂಡತೊಡಗುವ ಏಳು ವರ್ಷದ ಹೊತ್ತಿಗೆ ಮಗುವಿನ ಹಲ್ಲಿನ ಸಾಲನ್ನು ಒಮ್ಮೆ ತಜ್ಞರಿಗೆ ತೋರಿಸುವುದು ಒಳ್ಳೆಯದೆಂದು ದಂತವೈದ್ಯರು ಹೇಳುವುದಕ್ಕೆ, ದವಡೆಯ ಬೆಳವಣಿಗೆಯನ್ನು ಬಳಸಿಕೊಳ್ಳುವ ಇಂಥ ಅವಕಾಶ ಆ ವಯಸ್ಸಿನ ನಂತರ ಕಡಿಮೆಯಾಗುತ್ತ ಹೋಗುವುದೇ ಕಾರಣ.

ಕಲೆಬಿದ್ದ ಹಲ್ಲಿಗೆ ಅಂಟದ ಬ್ರ್ಯಾಕೆಟ್

ಹಟ್ಟಿಯ ಚಿನ್ನದ ಗಣಿಗಳಿಗೆ ಆಧಾರವಾದ ಹಟ್ಟಿ–ಮಸ್ಕಿ ಶಿಲಾಪಟ್ಟಿಯನ್ನು ಬಿಟ್ಟರೆ, ಈ ಮೂರು ತಾಲ್ಲೂಕುಗಳ ಬಹುಪಾಲು ನೆಲದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಇವುಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಮಳೆ ಕಡಿಮೆಯಾಗಿ, ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಬೋರ್‌ವೆಲ್‌ಗಳು ಆಳಕ್ಕೆ ಇಳಿದಷ್ಟೂ ಅದರ ಪ್ರಮಾಣ ಹೆಚ್ಚುವ ಸಾಧ್ಯತೆಯಿದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕ ಮಿತಿಯಾಗಿದ್ದು, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಕರ್ನಾಟಕದಲ್ಲಿ ಈ ಮಿತಿಯನ್ನು ಮೀರಿದ ಅಂತರ್ಜಲವಿರುವ ಜಿಲ್ಲೆಗಳಲ್ಲಿ ರಾಯಚೂರು ಒಂದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೆರೆಗಳನ್ನು ತುಂಬಿಸುವ ಸಿಂಧನೂರಿನ ಊರುಗಳಿಗೂ, ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಒಣಭೂಮಿಯ ಹಳ್ಳಿಗಳಿಗೂ ಈ ವಿಷಯದಲ್ಲಿ ಅಂತರವಿರುವುದು ಸಹಜ.

ಹಲ್ಲಿನ ಹೊರಕವಚವಾದ ಎನಾಮಲ್ ರೂಪುಗೊಳ್ಳುವುದು ಹಲ್ಲು ಮೂಡುವುದಕ್ಕೂ ಮೊದಲೇ, ವಸಡಿನೊಳಗೆ. ಮುಂಭಾಗದ ಶಾಶ್ವತ ಹಲ್ಲುಗಳ ಎನಾಮಲ್ ಕಟ್ಟಿಕೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಮಗು ಹೆಚ್ಚು ಫ್ಲೋರೈಡ್ ಇರುವ ನೀರನ್ನು ಕುಡಿದರೆ, ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆಗಳೂ, ಮುಂದೆ ಹಳದಿ ಮತ್ತು ಕಂದು ಕಲೆಗಳೂ, ತೀವ್ರವಾದಾಗ ಕುಳಿಗಳೂ ಕಾಣಿಸಿಕೊಳ್ಳುತ್ತವೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಎಷ್ಟು ಉಜ್ಜಿದರೂ ಈ ಕಲೆ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಹತ್ತಿದ ಕೊಳೆಯಾಗಿರದೆ ಎನಾಮಲ್ಲಿನ ರಚನೆಯಲ್ಲಿಯೇ ಆದ ದೋಷವಾಗಿರುತ್ತದೆ.

ಈ ದೋಷವು ಕ್ಲಿಪ್ ಚಿಕಿತ್ಸೆಗೆ ನೇರವಾಗಿ ಅಡ್ಡಬರುತ್ತದೆ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟ ವಿಧಾನದಂತೆ, ಬ್ರ್ಯಾಕೆಟ್ ಅಂಟಿಸುವ ಮುನ್ನ ಹಲ್ಲಿನ ಮೇಲೆ ಫಾಸ್ಫಾರಿಕ್ ಆಮ್ಲವನ್ನು ಕೆಲವು ಸೆಕೆಂಡುಗಳ ಕಾಲ ಹಚ್ಚಿ ತೊಳೆದಾಗ ಎನಾಮಲ್ಲಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಮೂಡುತ್ತವೆ, ಮತ್ತು ಅಂಟು ಆ ರಂಧ್ರಗಳೊಳಕ್ಕೆ ಇಳಿದು ಗಟ್ಟಿಯಾದಾಗ ಬ್ರ್ಯಾಕೆಟ್ ಭದ್ರವಾಗಿ ನಿಲ್ಲುತ್ತದೆ. ಫ್ಲೋರೋಸಿಸ್ ಆದ ಹಲ್ಲಿನ ಮೇಲ್ಪದರವು ಫ್ಲೋರೈಡ್ ತುಂಬಿಕೊಂಡು ಆಮ್ಲಕ್ಕೆ ಜಗ್ಗದಂತಾಗಿರುತ್ತದೆ, ಆದರೆ ಅದರ ಕೆಳಗಿನ ಪದರವು ಖನಿಜ ಕಡಿಮೆಯಾಗಿ ಸಡಿಲವಾಗಿರುತ್ತದೆ. ಹೀಗಾಗಿ ರಂಧ್ರಗಳು ಸರಿಯಾಗಿ ಮೂಡದೆ ಬ್ರ್ಯಾಕೆಟ್ ಪದೇ ಪದೇ ಕಳಚಿ ಬೀಳುವ ಸಂಭವ ಹೆಚ್ಚು. ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು, ಮೇಲ್ಪದರವನ್ನು ತೀರ ತೆಳುವಾಗಿ ಉಜ್ಜಿ ತೆಗೆಯುವುದು, ಅಂಟನ್ನು ಹಿಡಿಸುವ ವಿಶೇಷ ದ್ರವಗಳನ್ನು ಬಳಸುವುದು, ತೀವ್ರ ಸಂದರ್ಭಗಳಲ್ಲಿ ಹಲ್ಲಿನ ಸುತ್ತ ಲೋಹದ ಬಳೆಯನ್ನೇ ತೊಡಿಸುವುದು ಇದಕ್ಕೆ ವೈದ್ಯರು ಕಂಡುಕೊಂಡಿರುವ ಪರಿಹಾರಗಳಾಗಿವೆ. ಒಂದು ಬ್ರ್ಯಾಕೆಟ್ ಕಳಚಿದರೆ ನಗರದ ರೋಗಿಗೆ ಅದು ಒಂದು ಸಂಜೆಯ ಓಡಾಟವಾದರೆ, ಮಸ್ಕಿಯ ಒಳಹಳ್ಳಿಯಿಂದ ಬರುವ ಕುಟುಂಬಕ್ಕೆ ಮಗುವಿನ ಶಾಲೆಯೂ ಪಾಲಕರ ಒಂದು ದಿನದ ಕೂಲಿಯೂ ತಪ್ಪಿದಂತಾಗುತ್ತದೆ.

ದಬ್ಬೆಯಿಂದ ಉಂಗುರದವರೆಗೆ

ಮುರಿದ ಎಲುಬನ್ನು ನೆಟ್ಟಗೆ ಹಿಡಿದಿಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು ಮರದ ತೊಗಟೆ ಮತ್ತು ಬಿದಿರಿನ ಸೀಳುಗಳನ್ನು ಕಟ್ಟುವ ಕ್ರಮವನ್ನೂ, ಕಾಲಿನ ಎಲುಬು ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಬಿಗಿದು ಅಲುಗದಂತೆ ಇಡುವ ಕಪಾಟಶಯನವನ್ನೂ ವಿವರಿಸುತ್ತದೆ. ಎಲುಬು ಕಟ್ಟುವ ನಾಟಿ ವೈದ್ಯರು ಬಿದಿರಿನ ದಬ್ಬೆ, ಬಟ್ಟೆ ಮತ್ತು ಲೇಪಗಳಿಂದ ಇದೇ ತತ್ತ್ವವನ್ನು ಅನುಸರಿಸುತ್ತ ಬಂದಿದ್ದಾರೆ, ಮತ್ತು ಹಳ್ಳಿಗಳಲ್ಲಿ ಅವರ ಮೇಲಿನ ನಂಬಿಕೆ ಇಂದಿಗೂ ಉಳಿದಿದೆ. ಸರಳವಾದ ಮುರಿತಗಳು ಹೀಗೆ ಕೂಡಿಕೊಳ್ಳುವುದುಂಟಾದರೂ, ಎಕ್ಸ್‌ರೇ ಇಲ್ಲದೆ ಕಟ್ಟಿದಾಗ ಎಲುಬು ಸೊಟ್ಟಗೆ ಕೂಡುವ ಸಂಭವವಿದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಬಿಗಿಯಾದ ಕಟ್ಟಿನೊಳಗೆ ಬಾವು ಏರಿ ರಕ್ತಸಂಚಾರ ನಿಲ್ಲುವುದು. ಕಟ್ಟು ದಬ್ಬೆಯದಾಗಲಿ ಆಸ್ಪತ್ರೆಯ ಪ್ಲಾಸ್ಟರಿನದಾಗಲಿ, ಬೆರಳುಗಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ತಗ್ಗುವ ಬದಲು ಏರುತ್ತ ಹೋದರೆ, ಬೆಳಗಾಗುವುದನ್ನು ಕಾಯದೆ ವೈದ್ಯರ ಬಳಿಗೆ ಓಡಬೇಕು. ಕೆಲವೇ ಗಂಟೆಗಳ ತಡದಿಂದ ಕೈಕಾಲುಗಳ ಸ್ನಾಯುಗಳು ಶಾಶ್ವತವಾಗಿ ಸತ್ತುಹೋಗಬಹುದು.

ಡಚ್ ಸೇನಾವೈದ್ಯ ಆಂಟೋನಿಯಸ್ ಮಥೈಸೆನ್ 1852ರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಹತ್ತಿಬಟ್ಟೆಯ ಸುರುಳಿಗೆ ತುಂಬಿ ನೀರಿನಲ್ಲಿ ನೆನೆಸಿ ಸುತ್ತುವ ವಿಧಾನವನ್ನು ಪ್ರಕಟಿಸಿದ ಬಳಿಕ, ದೇಹದ ಆಕಾರಕ್ಕೆ ಸರಿಯಾಗಿ ಹೊಂದುವ ಕಟ್ಟು ಎಲ್ಲೆಡೆ ದೊರೆಯುವಂತಾಯಿತು. ಬ್ರಿಟನ್ನಿನ ಹ್ಯೂ ಓವನ್ ಥಾಮಸ್ ರೂಪಿಸಿದ, ತೊಡೆಯ ಬುಡಕ್ಕೆ ಉಂಗುರವಿದ್ದು ಎರಡು ಕಂಬಿಗಳು ಪಾದದಾಚೆಗೆ ಚಾಚಿಕೊಂಡಿರುವ ಸಾಧನವನ್ನು ಮೊದಲ ಮಹಾಯುದ್ಧದಲ್ಲಿ ವ್ಯಾಪಕವಾಗಿ ಬಳಸಿದಾಗ, ತೊಡೆಯೆಲುಬು ಮುರಿದ ಸೈನಿಕರ ಸಾವಿನ ಪ್ರಮಾಣ ಗಣನೀಯವಾಗಿ ತಗ್ಗಿತು. ಎಲುಬಿನೊಳಗೆ ಉಕ್ಕಿನ ಕಂಬಿ ಇಳಿಸುವ ವಿಧಾನವು 1940ರ ಸುಮಾರಿಗೆ ಜರ್ಮನಿಯ ಗೆರ್ಹಾರ್ಡ್ ಕ್ಯುಂಟ್ಷರ್ ಅವರಿಂದ ಬಂದಿತು. ಬೈಕ್ ಅಪಘಾತದ ನಂತರ ‘ರಾಡ್ ಹಾಕಿದ್ದಾರೆ’ ಎಂದು ಇಂದು ಮನೆಮನೆಯಲ್ಲಿ ಕೇಳಿಬರುವ ಮಾತು ಈ ವಿಧಾನದ್ದೇ.

ಗಾಯ ಕೊಳೆತು, ಎಲುಬಿನ ತುಂಡೇ ಕಳೆದುಹೋದಾಗ ಅಥವಾ ಕಾಲು ಗಿಡ್ಡವಾಗಿ ಕೂಡಿಕೊಂಡಾಗ ರಾಡ್ ಸಾಲದು. ಸೈಬೀರಿಯಾದ ಕುರ್ಗಾನ್ ಪಟ್ಟಣದಲ್ಲಿ ಕೆಲಸ ಮಾಡುತ್ತಿದ್ದ ಗವ್ರಿಲ್ ಇಲಿಜರೋವ್ 1950ರ ದಶಕದಲ್ಲಿ ಇಂಥ ರೋಗಿಗಳಿಗಾಗಿ, ಕಾಲಿನ ಸುತ್ತ ಲೋಹದ ಉಂಗುರಗಳನ್ನು ನಿಲ್ಲಿಸಿ, ತೆಳ್ಳನೆಯ ತಂತಿಗಳನ್ನು ಎಲುಬಿನ ಮೂಲಕ ಹಾಯಿಸಿ ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿಯುವ ಸಾಧನವನ್ನು ರೂಪಿಸಿದರು. ಎಲುಬನ್ನು ಎಚ್ಚರಿಕೆಯಿಂದ ಕತ್ತರಿಸಿ, ಕೆಲವು ದಿನ ಬಿಟ್ಟು, ಉಂಗುರಗಳ ನಡುವಿನ ನಟ್ಟುಗಳನ್ನು ದಿನಕ್ಕೆ ನಾಲ್ಕು ಬಾರಿ ಕಾಲು ಮಿಲಿಮೀಟರಿನಂತೆ ತಿರುಗಿಸುತ್ತ ಹೋದರೆ, ದಿನಕ್ಕೆ 1 ಮಿಲಿಮೀಟರ್ ಅಗಲುವ ಆ ಸಂದಿಯಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ ಎಂಬುದು ಅವರ ಶೋಧನೆಯಾಗಿತ್ತು. ಬಹುಕಾಲದಿಂದ ಕಾಲು ನೆಟ್ಟಗಾಗದೆ ನರಳುತ್ತಿದ್ದ ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ 1980ರಲ್ಲಿ ಕುರ್ಗಾನ್‌ಗೆ ಹೋಗಿ ಗುಣಮುಖರಾಗಿ ಮರಳಿದ ಮೇಲೆ ಈ ವಿಧಾನ ಸೋವಿಯತ್ ಗಡಿಯನ್ನು ದಾಟಿ ಹರಡಿತು. ಹಲ್ಲಿನ ತಂತಿಯಲ್ಲಿ ತಿಂಗಳಿಗೆ ನಡೆಯುವಷ್ಟು ಚಲನೆ ಇಲ್ಲಿ ದಿನಕ್ಕೆ ನಡೆದರೂ, ಎರಡರ ಹಿಂದಿರುವ ತತ್ತ್ವ ಒಂದೇ.

ಬೆಳೆಯುವ ಕಾಲುಗಳು

ಮಕ್ಕಳಲ್ಲಿ ಈ ತತ್ತ್ವವು ಶಸ್ತ್ರಚಿಕಿತ್ಸೆಯನ್ನೇ ಬಹುಮಟ್ಟಿಗೆ ತಪ್ಪಿಸುತ್ತದೆ ಎಂಬುದಕ್ಕೆ ಸೊಟ್ಟಪಾದದ ಚಿಕಿತ್ಸೆ ಉತ್ತಮ ನಿದರ್ಶನವಾಗಿದೆ. ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುವ ಈ ಸ್ಥಿತಿಯು ಸರಿಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಇದಕ್ಕೂ ಗ್ರಹಣಕ್ಕೂ, ತಾಯಿಯ ತಪ್ಪಿಗೂ ಯಾವ ಸಂಬಂಧವೂ ಇಲ್ಲ. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ಕ್ರಮದಂತೆ, ಹುಟ್ಟಿದ ಕೆಲವೇ ವಾರಗಳಲ್ಲಿ ಪಾದವನ್ನು ಕೈಯಿಂದ ಮೆಲ್ಲಗೆ ತಿದ್ದಿ ತೊಡೆಯವರೆಗೆ ಪ್ಲಾಸ್ಟರ್ ಹಾಕಲಾಗುತ್ತದೆ, ಮತ್ತು ವಾರಕ್ಕೊಮ್ಮೆ ಬದಲಿಸುತ್ತ ಐದರಿಂದ ಏಳು ಪ್ಲಾಸ್ಟರುಗಳಲ್ಲಿ ಪಾದ ಸರಿಯಾದ ದಿಕ್ಕಿಗೆ ಬರುತ್ತದೆ. ಬಹುತೇಕ ಶಿಶುಗಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸುವ ಚಿಕ್ಕ ಕ್ರಿಯೆಯೊಂದು ಬೇಕಾಗುತ್ತದೆ. ಬಳಿಕ ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ವಯಸ್ಸಿನವರೆಗೆ ನಿದ್ದೆಯ ಹೊತ್ತಿನಲ್ಲಿ ತೊಡಿಸಬೇಕು. ಮಗು ನಡೆಯತೊಡಗಿದ ಕೂಡಲೇ ಬೂಟನ್ನು ಅಟ್ಟಕ್ಕೆ ಹಾಕುವುದೇ ಪಾದ ಮತ್ತೆ ತಿರುಚಿಕೊಳ್ಳುವುದಕ್ಕೆ ಮುಖ್ಯ ಕಾರಣ.

ಸೊಟ್ಟಪಾದಕ್ಕೂ ನೀರಿಗೂ ಸಂಬಂಧವಿಲ್ಲದಿದ್ದರೂ, ಒಳಬಾಗಿದ ಮೊಣಕಾಲುಗಳಿಗೆ ಆ ಸಂಬಂಧ ಇರಬಲ್ಲದು. ಭಾರತದಲ್ಲಿ ಎಲುಬಿನ ಫ್ಲೋರೋಸಿಸ್ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ ವರದಿಯಾಯಿತು. ಅಂದಿನ ಆಂಧ್ರಪ್ರದೇಶದ ಫ್ಲೋರೋಸಿಸ್ ಪ್ರದೇಶದಲ್ಲಿ ಬೆಳೆಯುವ ವಯಸ್ಸಿನವರ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಬಾಗುತ್ತಿರುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದರು. ಫ್ಲೋರೈಡ್ ಹೆಚ್ಚಾದಾಗ ಎಲುಬು ನೋಟಕ್ಕೆ ದಟ್ಟವಾದರೂ ಗುಣದಲ್ಲಿ ಪೆಡಸಾಗುತ್ತದೆ, ಸ್ನಾಯುರಜ್ಜುಗಳು ಸುಣ್ಣಗಟ್ಟುತ್ತವೆ, ಮತ್ತು ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಎಲುಬು ಮೆದುವಾಗಿ ಬಾಗುವುದೂ ಉಂಟು. ಬೆಳೆಯುವ ಮಗುವಿನ ಒಳಬಾಗಿದ ಮೊಣಕಾಲಿಗೆ, ಎಲುಬಿನ ತುದಿಯ ಬೆಳವಣಿಗೆಯ ಪದರದ ಒಳಬದಿಯಲ್ಲಿ ಎರಡು ಸ್ಕ್ರೂಗಳಿರುವ ಚಿಕ್ಕ ಫಲಕವೊಂದನ್ನು ಕೂಡಿಸಿದರೆ, ಒಳಬದಿಯ ಬೆಳವಣಿಗೆ ತಡೆದು ಹೊರಬದಿ ಬೆಳೆಯುತ್ತ ಹೋಗಿ ಕಾಲು ತಾನಾಗಿಯೇ ನೆಟ್ಟಗಾಗುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು 14, ಗಂಡುಮಕ್ಕಳಲ್ಲಿ ಸುಮಾರು 16 ವರ್ಷದ ಹೊತ್ತಿಗೆ ಈ ಪದರ ಮುಚ್ಚಿಕೊಳ್ಳುವುದರಿಂದ, ಅನಂತರ ಉಳಿಯುವುದು ಎಲುಬನ್ನು ಕತ್ತರಿಸಿ ಕೂಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಮಾತ್ರ.

ದೂರ, ಕಾಲ ಮತ್ತು ನೀರು

ಈ ಸಾಧನಗಳೆಲ್ಲಕ್ಕೂ ಸಮಾನವಾದ ಒಂದು ಬೇಡಿಕೆಯೆಂದರೆ ಕಾಲ. ಒಂದೇ ಭೇಟಿಯಲ್ಲಿ ಮುಗಿಯುವ ಚಿಕಿತ್ಸೆ ಇವುಗಳಲ್ಲಿ ವಿರಳ. ಸಿಂಧನೂರು ಮತ್ತು ಲಿಂಗಸುಗೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದರೂ, ಹಲ್ಲಿನ ಸಾಲು ತಿದ್ದುವ ತಜ್ಞರು ಹೆಚ್ಚಾಗಿ ದೊರೆಯುವುದು ರಾಯಚೂರಿನ ಎ.ಎಂ.ಇ. ಮತ್ತು ನವೋದಯ ದಂತ ಕಾಲೇಜುಗಳಲ್ಲಿ. ಎಲುಬಿನ ಜಟಿಲ ಚಿಕಿತ್ಸೆಗೆ 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ಸರ್ಕಾರಿ ಆಶ್ರಯವಾಗಿದೆ. ಬಸ್ಸಿನಲ್ಲಿ ಹೋಗಿಬರಲು ಇಡೀ ದಿನ ಬೇಕಾಗುವ ಈ ದೂರವನ್ನು ಎರಡು ವರ್ಷಗಳ ಕಾಲ ತಿಂಗಳಿಗೊಮ್ಮೆ ಕ್ರಮಿಸುವುದು ಬಡ ಕುಟುಂಬಗಳಿಗೆ ಸುಲಭವಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಭೇಟಿಯಿತ್ತು ಸೊಟ್ಟಪಾದ, ಸೀಳುತುಟಿ ಮೊದಲಾದವುಗಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುತ್ತವೆ. ಹಿರಿಯ ಬಡವರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯೂ ರಾಜ್ಯದಲ್ಲಿ ಬಂದಿದೆ. ಆದರೆ ಹಲ್ಲಿನ ಕ್ಲಿಪ್ಪನ್ನು ಸಮಾಜವು ಇನ್ನೂ ಅಂದದ ವಿಷಯವೆಂದೇ ಎಣಿಸುವುದರಿಂದ, ಅಗಿಯಲು ಮತ್ತು ಉಚ್ಚರಿಸಲು ಕಷ್ಟಪಡುವ ಮಕ್ಕಳ ಪಾಲಿಗೂ ಅದು ಪಾಲಕರ ಜೇಬಿನ ಖರ್ಚಾಗಿಯೇ ಉಳಿಯುತ್ತದೆ.

ಇಷ್ಟೆಲ್ಲವನ್ನೂ ಒಟ್ಟಿಗೆ ನೋಡಿದಾಗ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಒಂದು ಕ್ರಮ ಸ್ಪಷ್ಟವಾಗುತ್ತದೆ. ಹುಟ್ಟಿದ ವಾರಗಳಲ್ಲಿ ಪಾದವನ್ನೂ, ಏಳರ ಹೊತ್ತಿಗೆ ಹಲ್ಲಿನ ಸಾಲನ್ನೂ, ಹನ್ನೆರಡಕ್ಕೆ ಮುನ್ನ ಮೊಣಕಾಲನ್ನೂ ಪರೀಕ್ಷಿಸಿದರೆ, ಬೆಳೆಯುವ ಎಲುಬು ಸಾಧನದ ಕೆಲಸವನ್ನು ಹಗುರಗೊಳಿಸುತ್ತದೆ. ಆದರೆ ಎನಾಮಲ್ ಕಟ್ಟಿಕೊಳ್ಳುವ ಮೊದಲ ಎಂಟು ವರ್ಷಗಳು ಕಳೆದ ಮೇಲೆ ಹಲ್ಲಿನ ಕಲೆಯನ್ನು ಮರೆಮಾಚಬಹುದೇ ಹೊರತು ಹಿಂದಿರುಗಿಸಲಾಗದು, ಮತ್ತು ಫ್ಲೋರೈಡಿನಿಂದ ಸುಣ್ಣಗಟ್ಟಿದ ಬೆನ್ನನ್ನು ಸಡಿಲಿಸುವ ಉಂಗುರವನ್ನು ಯಾವ ಕುರ್ಗಾನಿನಲ್ಲಿಯೂ ಯಾರೂ ಮಾಡಿಲ್ಲ. ಪಟಿಕ (ಆಲಮ್), ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡನ್ನು ತಗ್ಗಿಸುವ ನಲ್ಗೊಂಡ ವಿಧಾನ, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು, ನದಿನೀರನ್ನು ತರುವ ಬಹುಗ್ರಾಮ ಯೋಜನೆಗಳು ಇವೆಲ್ಲ ಕೈಗೆಟಕುವ ಪರಿಹಾರಗಳೇ ಆಗಿವೆ. ಅಂಗನವಾಡಿಯ ಕೊಡಕ್ಕೆ ಬೀಳುವ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಕಳುಹಿಸುವುದು ಮತ್ತು ಕೆಟ್ಟುನಿಂತ ಘಟಕವನ್ನು ವಾರದೊಳಗೆ ದುರಸ್ತಿ ಮಾಡಿಸುವುದು ಗ್ರಾಮ ಪಂಚಾಯಿತಿಯ ಕೆಲಸವೆಂದು ಕಾಣಿಸಿದರೂ, ಲಿಂಗಸುಗೂರಿನ ಮಗುವೊಂದಕ್ಕೆ ಅದು ಯಾವ ಕ್ಲಿಪ್ಪಿಗಿಂತಲೂ ಮೊದಲು ಸಲ್ಲಬೇಕಾದ ದಂತಚಿಕಿತ್ಸೆಯಾಗಿದೆ.